ಕಾವಲುಗಾರನ ಅತಿ ಎಚ್ಚರ

ಗೂರಲು, ದಮ್ಮು, ಉಬ್ಬಸ: ಒಂದೊಂದು ಮನೆಯಲ್ಲಿ ಒಂದೊಂದು ಹೆಸರು, ಸಂಕಟ ಮಾತ್ರ ಒಂದೇ. ನಡುರಾತ್ರಿ ಕಳೆದ ಮೇಲೆ ಮಗು ಹಾಸಿಗೆಯ ಮೇಲೆ ಎದ್ದು ಕೂರುತ್ತದೆ. ಎದೆಯಲ್ಲಿ ಸಿಳ್ಳೆಯಂಥ ಸದ್ದು. ಒಳಗೆ ಹೋದ ಉಸಿರು ಹೊರಕ್ಕೆ ಬರಲೊಲ್ಲದು. ಬೆಳಗಾದ ಮೇಲೆ ನೆರೆಯವರು ಬಂದು, "ಮಗುವಿಗೆ ನಿರೋಧಶಕ್ತಿ ಕಡಮೆ, ಒಳ್ಳೆಯ ಟಾನಿಕ್ ಕೊಡಿಸಿ" ಎನ್ನುತ್ತಾರೆ. ಮಾತು ಪ್ರೀತಿಯಿಂದ ಬಂದದ್ದೇ, ಆದರೆ ಸರಿಯಾದದ್ದಲ್ಲ. ಉಬ್ಬಸದಲ್ಲೆಲ್ಲ ಒಂದೇ ಬಗೆಯಿಲ್ಲ. ಆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಅಲರ್ಜಿಯ ಉಬ್ಬಸದಲ್ಲಿ ನಿರೋಧಶಕ್ತಿ ಕುಂದಿರುವುದಿಲ್ಲ, ದಾರಿ ತಪ್ಪಿರುತ್ತದೆ.

ಅಂಚೆಯವನನ್ನೇ ಕಳ್ಳನೆಂದು ತಿಳಿದು ಊರನ್ನೆಲ್ಲ ಕೂಗಿ ಎಬ್ಬಿಸುವ ಕಾವಲುಗಾರನನ್ನು ನೆನೆಯಿರಿ. ನಮ್ಮ ಶರೀರದಲ್ಲಿಯೂ ಹೀಗಾಗುವುದುಂಟು. ಜಯನಗರ, ಬನಶಂಕರಿ, ಜೆ. ಪಿ. ನಗರಗಳಲ್ಲಿ ಮನೆ ಏಳದೆ ಉಳಿದ ನಿವೇಶನಗಳನ್ನು ನೀವು ಕಂಡಿದ್ದೀರಿ. ಮಳೆ ಬಿದ್ದೊಡನೆ ಅಲ್ಲಿ ಬೆಳೆದು ಸಣ್ಣ ಬಿಳಿಯ ಹೂ ಬಿಡುವುದು ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಅದರ ಪರಾಗ ಬೆಂಗಳೂರಿನ ಅನೇಕರಿಗೆ ಮೂಗಿನ ಅಲರ್ಜಿಯನ್ನೂ ಕೆಲವರಿಗೆ ಉಬ್ಬಸವನ್ನೂ ತರುತ್ತದೆಂದು ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಚರ್ಮಪರೀಕ್ಷೆಗಳಿಂದ ಕಂಡುಕೊಂಡರು. ಪರಾಗವೊಂದೇ ಅಲ್ಲ, ಹಾಸಿಗೆ ದಿಂಬುಗಳ ದೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿ, ಜಿರಲೆಯ ಕಸ, ತೇವದ ಗೋಡೆಯ ಬೂಷ್ಟು ಇವೂ ಉಂಟು.

ಇವು ಯಾವುವೂ ರೋಗಾಣುಗಳಲ್ಲ. ಆದರೂ ಕೆಲವರ ಶರೀರ ಇವನ್ನು ಶತ್ರುವೆಂದೇ ಎಣಿಸಿ, ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ೧೯೬೬-೬೭ರಲ್ಲಿ ಅಮೆರಿಕದಲ್ಲಿ ಇಷಿಜಾಕಾ ದಂಪತಿಗಳೂ ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಚ್ ಅವರೂ ಇದನ್ನು ಬೇರೆ ಬೇರೆಯಾಗಿ ಗುರುತಿಸಿದರು. ಹೊಟ್ಟೆಯ ಹುಳುಗಳಂಥ ಪರೋಪಜೀವಿಗಳ ಮೇಲೆ ಹೋರಾಡುವುದು ಇದರ ಸಹಜವಾದ ಕೆಲಸ. ಅಲರ್ಜಿಯುಳ್ಳವರಲ್ಲಿ ಇದು ಶ್ವಾಸನಾಳದ ಒಳಪದರದ ಮಾಸ್ಟ್ ಕಣಗಳ ಮೇಲೆ ಕುಳಿತು ಕಾಯುತ್ತದೆ. ಅದೇ ಪರಾಗ ಮತ್ತೆ ಬಂದು ತಾಗಿದೊಡನೆ ಆ ಕಣಗಳು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಚೆಲ್ಲುತ್ತವೆ. ಕೆಲವೇ ನಿಮಿಷಗಳಲ್ಲಿ ನಾಳದ ಸ್ನಾಯು ಬಿಗಿಯುತ್ತದೆ, ಕಫ ಹೆಚ್ಚುತ್ತದೆ. ಕೆಲವು ಗಂಟೆಗಳ ಬಳಿಕ ರಕ್ತದಿಂದ ಇಯೊಸಿನೊಫಿಲ್ ಎಂಬ ಬಿಳಿಯ ಕಣಗಳು ಬಂದು ಸೇರುತ್ತವೆ, ನಾಳ ಊದಿಕೊಳ್ಳುತ್ತದೆ. ಸಿಳ್ಳೆಯ ಸದ್ದು ನಿಂತ ಮೇಲೂ ಈ ಊತ ಉಳಿದಿರುತ್ತದೆ.

ಇಲ್ಲಿಯೇ ನಾವು ಎಡವುವುದು. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಊತವನ್ನು ಇಳಿಸುವುದಿಲ್ಲ. ಊತವನ್ನು ಇಳಿಸುವುದು ಉಸಿರಿನೊಡನೆ ಸೇದುವ ಸ್ಟೀರಾಯ್ಡ್. ಅದರ ಪ್ರಮಾಣ ಮೈಕ್ರೋಗ್ರಾಂಗಳಲ್ಲಿ. ಆದರೆ "ಪಂಪು ಹಿಡಿದರೆ ಚಟವಾಗುತ್ತದೆ" ಎಂಬ ಹೆದರಿಕೆಯಿಂದ ಎಷ್ಟೋ ತಾಯಂದಿರು ಮಗು ನಕ್ಕ ದಿನವೇ ಅದನ್ನು ನಿಲ್ಲಿಸಿಬಿಡುತ್ತಾರೆ. ಅದು ಚಟವಾಗುವುದಿಲ್ಲ. ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಮತ್ತೊಂದು ರಾತ್ರಿ ಕಾದಿರುತ್ತದೆ.

ಈ ಮಾತು ನಮ್ಮ ಊರಿಗೆ ಏಕೆ ಮುಖ್ಯ? ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ೨೦,೦೦೦ ಮಕ್ಕಳ ಲೆಕ್ಕವನ್ನು ಇಟ್ಟರು. ೧೯೭೯ರಲ್ಲಿ ಅಂಥವರಲ್ಲಿ ಉಬ್ಬಸವಿದ್ದವರು ಶೇಕಡ ೯. ೧೯೯೯ರಲ್ಲಿ ಶೇಕಡ ೨೯.೫. ಇದು ಊರಿನ ಎಲ್ಲ ಮಕ್ಕಳ ಲೆಕ್ಕವಲ್ಲ, ನಿಜ. ಆದರೂ ಇಪ್ಪತ್ತು ವರ್ಷಗಳ ಏರಿಕೆ ಕಡೆಗಣಿಸುವಂಥದಲ್ಲ. ವಾಹನಗಳ ಹೊಗೆಯೂ ಮನೆಯೊಳಗಿನ ಸಿಗರೇಟು, ಊದುಬತ್ತಿಗಳ ಹೊಗೆಯೂ ಕೆರಳಿದ ನಾಳವನ್ನು ಇನ್ನಷ್ಟು ಕೆರಳಿಸುತ್ತವೆ.

ದಿಂಬು ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಕಸವನ್ನು ಒದ್ದೆಬಟ್ಟೆಯಿಂದ ಒರಸಿ, ದೂಳೆಬ್ಬಿಸಬೇಡಿ. ಮಗುವಿಗೆ ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಾವಲುಗಾರನನ್ನು ಕೆಲಸದಿಂದ ಬಿಡಿಸುವಂತಿಲ್ಲ. ಅವನಿಲ್ಲದೆ ನಮಗೆ ಉಳಿವಿಲ್ಲ. ಅವನಿಗೆ ಟಾನಿಕ್ ಕುಡಿಸಿ ಇನ್ನಷ್ಟು ಕೆರಳಿಸುವ ಹಂಬಲ ಬೇಡ. ದಿನವೂ ಸಮಾಧಾನ ಹೇಳಿ ಸುಮ್ಮನಿರಿಸಿದರೆ ಮಗುವೂ ನಿದ್ರಿಸುತ್ತದೆ, ಮನೆಯೂ ನಿದ್ರಿಸುತ್ತದೆ.