ಚಿಂತೆಯೂ ಖಿನ್ನತೆಯೂ ಒಂದೇ ಮನೆಯಲ್ಲಿ
(ಹಲಬರ್ಗಾದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರದ ಮಾತು, ತೊಗರಿ ದರದ ಮಾತು ಬಿಟ್ಟು ಇಂದು ಮನಸ್ಸಿನ ರೋಗದ ಮಾತೇಕೆ ಎಂದು ಕೆಲವರು ಕೇಳಬಹುದು. ಗಿರಣಿಯಲ್ಲಿ ಕೂಲಿಕಾರನ ಕೈ ಮುರಿದರೆ ನಾವು ಪರಿಹಾರ ಕೇಳುತ್ತೇವೆ. ಅವನ ನಿದ್ರೆ ಮುರಿದರೆ ಮಾತ್ರ "ಫಿಕರ್ ಮಾಡಬ್ಯಾಡ" ಎಂದು ಬೆನ್ನು ತಟ್ಟಿ ಕಳಿಸಿಬಿಡುತ್ತೇವೆ. ಅಷ್ಟು ಸಾಲದು.

ನಮ್ಮ ಕಡೆ ಈ ರೋಗ ಮನಸ್ಸಿನ ಹೆಸರು ಹೇಳಿಕೊಂಡು ಬರುವುದಿಲ್ಲ. ತಲೆಭಾರ, ಎದೆ ಧಡಧಡ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಸೋತವು, ಊಟ ಸೇರದು ಎಂದು ಬರುತ್ತದೆ. ಎದೆನೋವಿಗೆ ಮೊದಲು ಹೃದಯವನ್ನು ತೋರಿಸಿಕೊಳ್ಳುವುದೇ ಸರಿ. ಥೈರಾಯ್ಡ್ ದೋಷವಾಗಲಿ ರಕ್ತಹೀನತೆಯಾಗಲಿ ಇದೇ ವೇಷ ಹಾಕಬಲ್ಲವು. ಒಮ್ಮೆ ರಕ್ತ ಪರೀಕ್ಷೆ ಆಗಲಿ. ಆದರೆ ಎಲ್ಲವೂ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲೂ ಊರೂರು ತಿರುಗಿ ಅದೇ ಪರೀಕ್ಷೆ ಮಾಡಿಸಿ ಸಾಲ ಬೆಳೆಸುವವರನ್ನು ನಾವು ಬಹಳ ಕಂಡಿದ್ದೇವೆ.

ಚಿಂತೆಯ ಮುಖ ನಾಳೆಯ ಕಡೆಗೆ. "ಏನಾದೀತೋ" ಎಂಬುದು ಅದರ ಮಾತು. ಮೈ ಬಿಗಿಯುತ್ತದೆ, ಬೆವರುತ್ತದೆ, ಕೂತಲ್ಲಿ ಕೂಡಲಾಗುವುದಿಲ್ಲ, ಮಲಗಿದರೆ ನಿದ್ರೆ ಹತ್ತುವುದಿಲ್ಲ. ಖಿನ್ನತೆ ಹಾಗಲ್ಲ. "ಆಗುವುದೆಲ್ಲ ಆಗಿಹೋಯಿತು, ಇನ್ನೇನಿದೆ" ಎನ್ನುತ್ತದೆ. ಮೊದಲು ಸಂತೋಷ ಕೊಟ್ಟದ್ದು ಈಗ ಕೊಡುವುದಿಲ್ಲ. ಮಗುವಿನ ಆಟವೂ ಬೇಡ, ಜಾತ್ರೆಯೂ ಬೇಡ. ನಿದ್ರೆ ಹತ್ತಿದರೂ ನಸುಕಿಗೆ ಮುಂಚೆಯೇ ಒಡೆಯುತ್ತದೆ. ಹಲವರಿಗೆ ಬೆಳಗಿನ ಹೊತ್ತೇ ಅತ್ಯಂತ ಭಾರ. ಇಂಥ ಸ್ಥಿತಿ ಎರಡು ವಾರ ದಿನವೂ ಬಿಡದೆ ಉಳಿದರೆ ವೈದ್ಯರು ಅದನ್ನು ರೋಗವೆಂದು ವಿಚಾರಿಸುತ್ತಾರೆ. ಒಂದು ದಿನದ ಬೇಸರ ರೋಗವಲ್ಲ.

ಕಾಗದದ ಮೇಲೆ ಇವು ಎರಡು. ಮನುಷ್ಯನಲ್ಲಿ ಬಹಳ ಸಲ ಕೂಡಿಯೇ ಇರುತ್ತವೆ. ಖಿನ್ನತೆಯುಳ್ಳವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಚಿಂತೆಯ ರೋಗವೂ ಬಂದಿರುತ್ತದೆಂದು ಹಲವು ದೇಶಗಳ ಸಮೀಕ್ಷೆಗಳು ತೋರಿಸಿವೆ. ಅವಳಿ ಜವಳಿಗಳನ್ನು ಪರೀಕ್ಷಿಸಿದ ಅಮೆರಿಕದ ಕೆನೆತ್ ಕೆಂಡ್ಲರ್ ಮತ್ತು ಸಂಗಡಿಗರು, ವಂಶದಿಂದ ಬರುವ ಬೇರು ಎರಡಕ್ಕೂ ಬಹುಮಟ್ಟಿಗೆ ಒಂದೇ ಎಂದು 1992ರಲ್ಲಿ ಹೇಳಿದರು. 2010ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಡೆನ್ನಿ ಬೋರ್ಸ್‌ಬೂಮ್ ಮತ್ತು ಜೊತೆಗಾರರು ಬೇರೊಂದು ಮಾತು ಮುಂದಿಟ್ಟರು: ಲಕ್ಷಣಗಳು ಒಳಗೆ ಅಡಗಿದ ಬೆಂಕಿಯ ಹೊಗೆಯಷ್ಟೇ ಅಲ್ಲ, ಒಂದು ಲಕ್ಷಣ ಇನ್ನೊಂದನ್ನು ಹುಟ್ಟಿಸುತ್ತದೆ. ಎರಡರಲ್ಲೂ ನಿಜವಿರಬಹುದು. ನಮ್ಮ ಕಣ್ಣಿಗೆ ಕಾಣುವುದು ಎರಡನೆಯದು.

ಒಬ್ಬ ಕಿರಾಣಿ ಅಂಗಡಿಯವ ಎಂದಿಟ್ಟುಕೊಳ್ಳಿ. ಉದ್ರಿ ಕೊಟ್ಟ ಹಣ ಸುಗ್ಗಿಗೆ ಬರಬೇಕಿತ್ತು. ಮಳೆ ಕೈಕೊಟ್ಟಿತು, ಹಣ ಬರಲಿಲ್ಲ. ಇತ್ತ ಸಾವಕಾರನ ವಾಯಿದೆ ಬಂತು. ರಾತ್ರಿ ಹಾಸಿಗೆಯಲ್ಲೇ ಲೆಕ್ಕ ಶುರು. ನಿದ್ರೆಯಿಲ್ಲದೆ ಹಗಲು ಸುಸ್ತು, ಸುಸ್ತಿನಿಂದ ತೂಕದಲ್ಲಿ ತಪ್ಪು, ತಪ್ಪಿನಿಂದ ಗಿರಾಕಿಯೊಡನೆ ಜಗಳ, ಜಗಳದಿಂದ ಮತ್ತೆ ಚಿಂತೆ. ಆಮೇಲೆ ಅವನು ಜನರನ್ನು ತಪ್ಪಿಸತೊಡಗುತ್ತಾನೆ. ಅರ್ಧ ಬಾಗಿಲು ಹಾಕಿ ಕೂಡುತ್ತಾನೆ. ತಪ್ಪಿಸಿಕೊಂಡ ಗಳಿಗೆಗೆ ಜೀವ ಹಗುರಾಗುತ್ತದೆ, ಅದಕ್ಕೇ ಆ ಚಟ ಬಿಡದು. ಆದರೆ ಮಾತಿಲ್ಲ, ನಗೆಯಿಲ್ಲ, ವ್ಯಾಪಾರವಿಲ್ಲ. "ನಾನು ಯಾತಕ್ಕೂ ಬಾರದವ" ಎಂಬ ವಿಚಾರ ಬಂದು ಕೂಡುತ್ತದೆ. ಚಿಂತೆ ಹೀಗೆ ಖಿನ್ನತೆಗೆ ದಾರಿ ಮಾಡಿಕೊಟ್ಟಿತು. ಬಹುಮಟ್ಟಿಗೆ ಚಿಂತೆ ಮುಂದೆ, ಖಿನ್ನತೆ ಹಿಂದೆ. ತಿರುವು ಮುರುವೂ ಉಂಟು. ರಾತ್ರಿ ಪಾಳಿ, ಹಗಲು ಪಾಳಿ ಎಂದು ವಾರವಾರಕ್ಕೆ ಬದಲಾಗುವ ಕೂಲಿಕಾರನಿಗಂತೂ ನಿದ್ರೆಯ ಕೊಂಡಿ ಮೊದಲೇ ಸಡಿಲ.

ಸರಪಳಿ ಹೀಗಿದ್ದರೆ ಅದನ್ನು ಯಾವ ಕೊಂಡಿಯಲ್ಲಾದರೂ ತುಂಡರಿಸಬಹುದು, ಇದೇ ಧೈರ್ಯದ ಮಾತು. ಚಹಾ ಕಡಿಮೆ ಮಾಡಿ ಒಂದೇ ಹೊತ್ತಿಗೆ ಏಳುವುದು ಒಂದು ತುದಿ. ತಪ್ಪಿಸಿಕೊಂಡವರ ಮುಂದೆ ದಿನಕ್ಕೊಬ್ಬರಂತೆ ಹೋಗಿ ನಿಲ್ಲುವುದು ಇನ್ನೊಂದು. ರೋಗ ಬಲಿತಿದ್ದರೆ ಔಷಧ ಬೇಕು. ಮಾತಿನ ಚಿಕಿತ್ಸೆಯೂ ಇದೆ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಚಿಂತೆಗೂ ನಾಟುತ್ತವೆ, ಆದರೆ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನ ನುಂಗಿ ಬಿಡುವುದು, ಹಾಯೆನಿಸಿದೊಡನೆ ನಿಲ್ಲಿಸುವುದು ಎರಡೂ ಕೆಡುಕು. ಅಂಗಡಿಯಲ್ಲಿ ಕೇಳಿ ತರುವ ನಿದ್ರೆ ಗುಳಿಗೆ ಬೇರೆ ಜಾತಿಯದು. ಅದು ಚಟ ಹಿಡಿಸುತ್ತದೆ. ಸೆರೆಯೂ ಹಾಗೆಯೇ. ರಾತ್ರಿ ಚಿಂತೆ ಇಳಿಸಿದಂತೆ ಮಾಡಿ ಬೆಳಗ್ಗೆ ಬಡ್ಡಿ ಸಹಿತ ವಸೂಲಿ ಮಾಡುತ್ತದೆ.

ನಮ್ಮ ಕೆಲವು ಮಿತ್ರರು, ಸಾಲ ಹರಿದರೆ ರೋಗ ಹರಿಯಿತು ಎನ್ನುತ್ತಾರೆ. ಸಾಲ ಈ ರೋಗವನ್ನು ಬೆಳೆಸುತ್ತದೆ ಎಂಬುದು ನಿಜ. ಅದಕ್ಕಾಗಿ ಹೋರಾಟ ಬೇಕು. ಆದರೆ ಬಲಿತ ಖಿನ್ನತೆ ಸಾಲ ತೀರಿದ ಮೇಲೂ ಉಳಿಯುತ್ತದೆ, ಸಾಲವಿಲ್ಲದ ಮನೆಗೂ ಬರುತ್ತದೆ. ಮಾತ್ರೆ ಕೊಟ್ಟು ವಾಯಿದೆಯ ಮಾತೆತ್ತದ ವೈದ್ಯನೂ ಅರ್ಧ ಕೆಲಸವನ್ನೇ ಮಾಡಿದ.

ಖಿನ್ನತೆಯೊಡನೆ ತೀವ್ರ ತಳಮಳ ಕೂಡಿದಾಗ ಜೀವಕ್ಕೇ ಅಪಾಯ. "ಸಾಯುವ ವಿಚಾರ ಬರುತ್ತದೇನಣ್ಣ" ಎಂದು ನೇರ ಕೇಳಿರಿ. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಬರುತ್ತದೆ ಎಂದರೆ ಅವನನ್ನು ಒಂಟಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸರಿಗೆ ಅಂಜಿ ಮುಚ್ಚಿಡುವ ಕಾಲ ಹೋಯಿತು. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಮನೋವೇದನೆಯಲ್ಲಿದ್ದನೆಂದೇ ಭಾವಿಸಬೇಕು, ಅವನ ಆರೈಕೆ ಸರಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಕಾಯದೆ ಹೇಳುತ್ತದೆ.

ಇದು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸವಲ್ಲ. 1985ರಿಂದ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಅದನ್ನು ಮಾಡಿ ತೋರಿಸಿತು. 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮ ಅದೇ ಮಾದರಿಯ ಮೇಲೆ ಶುರುವಾಯಿತು. ಆದರೂ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆಯುಳ್ಳ 100 ಮಂದಿಯಲ್ಲಿ 80ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಭಾಲ್ಕಿಯ ತಾಲೂಕು ಆಸ್ಪತ್ರೆಗೆ ಹೋದಾಗ ಮನೋವೈದ್ಯರು ಯಾವ ವಾರ ಬರುತ್ತಾರೆಂದು ಕೇಳಿರಿ. ಬರುವುದಿಲ್ಲ ಎಂದರೆ ಅರ್ಜಿ ಬರೆಯೋಣ, ಸಹಿ ನಾವು ಕೂಡಿಸುತ್ತೇವೆ. 2022ರ ಅಕ್ಟೋಬರಿನಲ್ಲಿ ಸರಕಾರ ಶುರುಮಾಡಿದ ಟೆಲಿ ಮಾನಸ್ ಫೋನಿನ ನಂಬರು 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಗಿರಣಿಯ ಗೇಟಿನ ಹತ್ತಿರ, ಅಂಗಡಿಯ ಉದ್ರಿ ಪುಸ್ತಕದ ಮೊದಲ ಹಾಳೆಯಲ್ಲಿ ಅದನ್ನು ಬರೆದಿಡಿರಿ.