ಮೌನವೇ ಮರ್ಯಾದೆಯೆ?



ರಾಜ್ಯೋತ್ಸವದ ವೇದಿಕೆಯಲ್ಲಿ ಅಮೆರಿಕದ ಮಾತೇಕೆಂದು ತಾವು ಕೇಳಬಹುದು. ನಾವು ಕನ್ನಡದ ಹಬ್ಬ ಮಾಡುವ ಈ ನವೆಂಬರ್ ತಿಂಗಳ 25ನೆಯ ತಾರೀಖು, ಸ್ತ್ರೀಯರ ಮೇಲಿನ ಹಿಂಸೆಯ ನಿರ್ಮೂಲನಕ್ಕಾಗಿ ಮೀಸಲಾದ ಅಂತರರಾಷ್ಟ್ರೀಯ ದಿನ. 1960ರಲ್ಲಿ ಅದೇ ದಿನ ಡೊಮಿನಿಕನ್ ಗಣರಾಜ್ಯದಲ್ಲಿ, ಸರ್ವಾಧಿಕಾರಿ ಟ್ರುಹಿಯೊನನ್ನು ಎದುರಿಸಿದ ಮಿರಾಬಲ್ ಮನೆತನದ ಮೂವರು ಸೋದರಿಯರು ಕೊಲೆಯಾದರು. 1981ರಲ್ಲಿ ಬೊಗೊಟಾ ನಗರದಲ್ಲಿ ಕೂಡಿದ ಲ್ಯಾಟಿನ್ ಅಮೆರಿಕದ ಮಹಿಳೆಯರು ಆ ದಿನವನ್ನು ಆರಿಸಿಕೊಂಡರು. 1999ರಲ್ಲಿ ವಿಶ್ವಸಂಸ್ಥೆ ಅದನ್ನು ಮಾನ್ಯ ಮಾಡಿತು.

ಆ ಸೀಮೆಗಳಿಂದ ಹೊಟ್ಟೆಪಾಡಿಗಾಗಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಬಂದು ನೆಲೆಸಿದವರನ್ನೂ ಅವರ ಮಕ್ಕಳನ್ನೂ ಲ್ಯಾಟಿನೋ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಒಳಗೆ ಸ್ಪ್ಯಾನಿಷ್, ಶಾಲೆಯಲ್ಲಿ ಇಂಗ್ಲಿಷ್. ಕಚೇರಿಯ ಕಾಗದ ಬಂದರೆ ಹೆತ್ತವರಿಗೆ ಓದಿ ಹೇಳುವವರು ಮಕ್ಕಳು. ಪರಭಾಷೆಯ ಊರಿನಲ್ಲಿ ಬಾಳುವ ನಮಗೆ ಈ ಚಿತ್ರ ಹೊಸದೇನಲ್ಲ. ಒಗ್ಗಟ್ಟಿನ ಕುಟುಂಬವೇ ಅವರ ದೊಡ್ಡ ಆಸ್ತಿ. ಆದರೆ ಮನೆಯ ಮಾತು ಹೊಸಿಲು ದಾಟಬಾರದೆಂಬ ಕಟ್ಟಳೆಯೂ ಆ ಆಸ್ತಿಯೊಡನೆಯೇ ಬರುತ್ತದೆ. ವಾಸದ ಪರವಾನಗಿ ಇಲ್ಲದ ಮನೆಯಲ್ಲಂತೂ, ಪೋಲೀಸರನ್ನು ಕರೆದರೆ ದೇಶದಿಂದಲೇ ಹೊರಹಾಕಿಬಿಟ್ಟಾರೆಂಬ ಅಂಜಿಕೆ. ಏಟು ತಿಂದವಳು ಬಾಯಿ ಬಿಡುವುದೆಂತು?

ಆದುದರಿಂದ ಮದುವೆಯಾಗಿ ಏಟು ಬಿದ್ದ ಮೇಲಲ್ಲ, ಹದಿಹರೆಯದಲ್ಲಿಯೇ ತಿಳಿವಳಿಕೆ ಕೊಡಬೇಕೆಂದು ಕೆಲವರು ಹೊರಟರು. ಲಾಸ್ ಏಂಜಲೀಸಿನ ಪ್ರೌಢಶಾಲೆಗಳಲ್ಲಿ ‘ಬ್ರೇಕ್ ದ ಸೈಕಲ್’ ಎಂಬ ಸಂಸ್ಥೆ ಮೂರು ತರಗತಿಗಳ ಒಂದು ಪಾಠಕ್ರಮವನ್ನು ನಡೆಸಿತು. ಪಾಠ ಹೇಳಿದವರು ವಕೀಲರು. ಪ್ರೀತಿಯ ಹೆಸರಿನಲ್ಲಿ ನಡೆಯುವ ಹೊಡೆತ ಬಡಿತಕ್ಕೆ ಕಾನೂನು ಏನೆನ್ನುತ್ತದೆ, ಯಾರ ಬಳಿಗೆ ಹೋಗಬೇಕು ಎಂಬುದೇ ಪಾಠದ ತಿರುಳು. ಕ್ಯಾಲಿಫೋರ್ನಿಯಾದಲ್ಲಿ 12 ವರ್ಷ ತುಂಬಿದ ಮಕ್ಕಳು ತಾವಾಗಿಯೇ ನ್ಯಾಯಾಲಯದ ಮುಂದೆ ನಿಂತು ರಕ್ಷಣೆಯ ಆಜ್ಞೆಯನ್ನು ಬೇಡಬಹುದು. ಆ ದೇಶದ 1994ರ ಕಾನೂನಿನಂತೆ, ಪ್ರಜೆಯೋ ಕಾಯಂ ನಿವಾಸಿಯೋ ಆದ ಗಂಡನಿಂದ ಪೀಡಿತಳಾದ ಪರದೇಶದ ಹೆಂಡತಿ, ಅವನ ಸಹಿಯ ಹಂಗಿಲ್ಲದೆ ತಾನೇ ವಾಸದ ಹಕ್ಕಿಗೆ ಅರ್ಜಿ ಹಾಕಿಕೊಳ್ಳಬಹುದು. ಇಂಥವು ಗೊತ್ತಿದ್ದರಲ್ಲವೇ ಉಪಯೋಗ!

ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಈ ಪಾಠದ ಫಲವನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಲ್ಯಾಟಿನೋ ಮಕ್ಕಳೇ ಬಹುಪಾಲು ಇದ್ದ ಶಾಲೆಗಳಲ್ಲಿ, ಒಂಬತ್ತನೆಯ ತರಗತಿಯ 2,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಅವರು ವಿಚಾರಿಸಿದ್ದರು. ಜಮೆಯ ಕಡೆ ಬರೆಯಬೇಕಾದುದು ಇಷ್ಟು: ಕಾನೂನಿನ ಅರಿವು ಹೆಚ್ಚಿತು, ಆರು ತಿಂಗಳ ಬಳಿಕವೂ ಉಳಿಯಿತು. ಹುಡುಗಿಯು ಹುಡುಗನಿಗೆ ಹೊಡೆದರೆ ತಪ್ಪಿಲ್ಲವೆಂಬ ಭಾವನೆ ಕಡಿಮೆಯಾಯಿತು. ನೆರವು ಕೇಳಬೇಕೆಂಬ ಮನಸ್ಸು ಬಲಿಯಿತು. ಆದರೆ ಬಾಕಿಯೂ ದೊಡ್ಡದೇ. ನಿಜವಾಗಿ ನಡೆಯುವ ಹಿಂಸೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದರಲ್ಲಿ ನಮಗೊಂದು ಪಾಠವಿದೆ. ಮೂರು ದಿನದ ತರಗತಿ ಬಾಗಿಲು ತೋರಿಸಬಲ್ಲದು. ನಡತೆಯನ್ನು ತಿದ್ದಬೇಕಾದುದು ಮುನ್ನೂರ ಅರವತ್ತೈದು ದಿನದ ಮನೆ. ಅಪ್ಪ ಅಮ್ಮನ ಮೇಲೆ ಕೈಯೆತ್ತಿದುದನ್ನು ಕಂಡ ಹುಡುಗನಿಗೆ ಯಾವ ವಕೀಲರು ಎಷ್ಟು ತಾನೇ ಹೇಳಿಯಾರು?

ಈಗ ನಮ್ಮ ಮಾತು. ತವರು ಸಾವಿರ ಮೈಲಿಯಾಚೆ, ನೆರೆಯವರ ಭಾಷೆ ಬಾರದು. ಅಂಥ ಸೊಸೆಯಂದಿರು ನಮ್ಮಲ್ಲಿಯೂ ಇದ್ದಾರೆ. ಗೋಡೆಯಾಚೆ ಅಳು ಕೇಳಿದಾಗ ಟಿ.ವಿ.ಯ ಸದ್ದನ್ನು ಹೆಚ್ಚಿಸಿದವರು ನಾವು. ಮರುದಿನ ಅವಳ ಕೆನ್ನೆಯ ಬಾವು ಕಂಡೂ, ‘ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ’ ಎಂದವರೂ ನಾವೇ. ನಮ್ಮ ದೇಶದಲ್ಲಿಯೂ 2005ರ ಕೌಟುಂಬಿಕ ಹಿಂಸೆಯ ಕಾನೂನಿದೆ. ಬೈಗುಳ, ಖರ್ಚಿಗೆ ಕಾಸು ಕೊಡದಿರುವುದು ಕೂಡ ಅದರಲ್ಲಿ ಹಿಂಸೆಯೇ. ಸಹಾಯಕ್ಕೆ 181 ಎಂಬ ದೂರವಾಣಿ ಸಂಖ್ಯೆಯಿದೆ. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗಂಡುಮಕ್ಕಳಿಗೂ ಕನ್ನಡದಲ್ಲಿಯೇ ಹೇಳಬೇಡವೆ?

ನುಡಿಯನ್ನು ಉಳಿಸುವ ಸಂಘ ನಮ್ಮದು. ನೊಂದವಳು ತನ್ನ ನುಡಿಯಲ್ಲಿ ನೋವು ಹೇಳಿಕೊಳ್ಳಲು ಇಲ್ಲೊಂದು ಕಿವಿ ಇಲ್ಲದಿದ್ದರೆ, ಆ ನುಡಿಯಿದ್ದು ಅವಳಿಗೇನು ಫಲ?