ತೇರಿನ ಮರುದಿನ

ಹಿರಿಯೂರಿನ ತೇರುಮಲ್ಲೇಶ್ವರ ಸ್ವಾಮಿಯ ಬ್ರಹ್ಮರಥೋತ್ಸವ ಮಾಘಮಾಸದಲ್ಲಿ ಮುಗಿದು, ತವರಿಗೆ ಬಂದ ಹೆಣ್ಣುಮಕ್ಕಳು ಮರಳಿ, ಮಿಠಾಯಿ ಅಂಗಡಿಗಳು ಡೇರೆ ಕಿತ್ತ ಮೇಲೆ ಊರನ್ನು ಕವಿಯುವ ಬೇಸರವು ಜಾತ್ರೆ ಕಂಡವರಿಗೆಲ್ಲ ಪರಿಚಿತವಾದುದು. ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಮನೋವಿಜ್ಞಾನಿಗಳು 1971ರಲ್ಲಿ ಇದರ ಹಿಂದಿನ ಸ್ವಭಾವವನ್ನು ವಿವರಿಸುತ್ತ, ಎಷ್ಟೇ ದೊಡ್ಡ ಸುಖಕ್ಕೂ ಮನಸ್ಸು ಒಗ್ಗಿಕೊಂಡು ಹಳೆಯ ಮಟ್ಟಕ್ಕೇ ಇಳಿಯುತ್ತದೆ ಎಂದು ವಾದಿಸಿದರು.

ವಾದ ಸರಿಯಿರಬಹುದು, ಆದರೆ ಆ ಹಳೆಯ ಮಟ್ಟವು ಬರಿದಾದುದೆಂದು ಭಾವಿಸಲು ಕಾರಣವಿಲ್ಲ. ಅದೇ ದೇವಾಲಯದ ಮಂಟಪದ ಛಾವಣಿಯಲ್ಲಿ ಪುರಾಣಕಥೆಗಳ ಹಳೆಯ ವರ್ಣಚಿತ್ರಗಳಿದ್ದು, ತೇರಿನ ದಿನದ ನೂಕುನುಗ್ಗಲಿನಲ್ಲಿ ತಲೆಯೆತ್ತಿ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲವಾದ್ದರಿಂದ, ಅವು ನಿಜವಾಗಿ ಕಣ್ಣಿಗೆ ಬೀಳುವುದು ಜನವಿಲ್ಲದ ಯಾವುದೋ ಮಂಗಳವಾರದಂದು, ಸಂತೆಗೆ ಹೊರಟವರು ಸುಮ್ಮನೆ ಒಳಹೊಕ್ಕಾಗ.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿಯದೂ ಇಂಥದೇ ಮಾತು. ಬೇಸಿಗೆಯಲ್ಲಿ ಎಲೆಯುದುರಿಸಿ ನೀರು ಉಳಿಸಿಕೊಳ್ಳುವ ಮರಗಳ ಕಾಡನ್ನು ಒಣ ಎಲೆಯುದುರುವ ಕಾಡು ಎನ್ನುತ್ತಾರೆ. ಈ ಬೆಟ್ಟಸಾಲಿನ ಅಂಥ ಕಾಡು ಮಳೆಗಾಲದ ಮಂಜಿನಲ್ಲಿ ಪ್ರವಾಸಿಗರನ್ನು ಸೆಳೆಯುವುದಾದರೂ, ಮುತ್ತುಗವು ಕೆಂಪಾಗಿ ಅರಳುವುದು ಕೊಂಬೆಗಳು ಬೋಳಾದ ಮೇಲೆಯೇ.

ಜಾತ್ರೆಯ ಬೆನ್ನಿಗೇ ಹುಣಸೆಯ ಸುಗ್ಗಿಯೂ ಬರುವುದರಿಂದ ಹಳ್ಳಿಯ ಹೆಂಗಸರು ಅಂಗಳದಲ್ಲಿ ಒಟ್ಟಾಗಿ ಕುಳಿತು, ಒಣಗಿದ ಕಾಯಿಯನ್ನು ಬಡಿದು ಸಿಪ್ಪೆ, ನಾರು, ಬೀಜ ಬೇರ್ಪಡಿಸುತ್ತಾರೆ. ಕೂಲಿಯ ದೃಷ್ಟಿಯಿಂದ ಇದು ದಣಿವಿನ ಕೆಲಸವೇ ಹೌದು, ಅದನ್ನು ಮರೆಯಬಾರದು. ಆದರೂ ಯಾರು ಎಂಥ ಬಳೆ ಕೊಂಡರು, ಯಾವ ನೆಂಟರು ಮುನಿಸಿಕೊಂಡು ಹೋದರು ಎಂಬ ಜಾತ್ರೆಯ ಸ್ವಾರಸ್ಯವೆಲ್ಲ ವಿಸ್ತಾರವಾಗಿ ಚರ್ಚೆಗೆ ಬರುವುದು ಅಲ್ಲಿಯೇ. ತೇರಿನ ದಿನ ಅದಕ್ಕೆ ಸಮಯವಿರುವುದಿಲ್ಲ.